ಟಂಕಸಾಲೆಯ ತಪ್ಪಲ್ಲ

ಆ ಬೆಳಿಗ್ಗೆಯೂ ಅವರ ಅಂಗಿಯನ್ನು ನೀರಿಗೆ ಹಾಕುವ ಮೊದಲು ಜೇಬು ಹೊರಳಿಸಿ ನೋಡಿದೆ. ಲಾಂಡ್ರಿಯಲ್ಲಿ ದುಡಿದ ಕೈ ಇದು. ಜೇಬು ನೋಡದೆ ಬಟ್ಟೆ ನೆನೆಸುವುದಿಲ್ಲ. ಒಂದು ಬಸ್ ಚೀಟಿ, ಒಂದು ಗುಂಡಿ, ಮತ್ತೆ ಆ ನಾಣ್ಯ. ಹಳೆಯ ದುಪ್ಪಟಿಯ ತುಂಡಿನಲ್ಲಿ ಸುತ್ತಿಟ್ಟ ನಾಣ್ಯ. ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟೆ.

"ರೀ, ಇದನ್ನ ಇವತ್ತೂ ಮರೆತಿದ್ರಿ."

"ನೀನಿರೋವಾಗ ನಾನ್ಯಾಕೆ ನೆನಪಿಟ್ಕೋಬೇಕು?" ಅಂದರು. ಬಾಯಿ ತುಂಬ ಬ್ರೆಡ್ಡು.

"ನಾನೇನು ನಿಮ್ಮ ಜೇಬಾ?"

"ಜೇಬಿಗೂ ಬಾಯಿದೆ. ಆದ್ರೆ ಇಷ್ಟು ಮಾತಾಡಲ್ಲ."

ಅಷ್ಟೇ. ಬೇರೆ ಅಂಗಿ ತೊಟ್ಟರು, ನಾಣ್ಯವನ್ನು ಅದರ ಜೇಬಿಗೆ ಹಾಕಿಕೊಂಡರು, ಚಪ್ಪಲಿಯ ಪಟ್ಟಿ ಕಿತ್ತಿದೆ ಎಂದು ಚಪ್ಪಲಿಯನ್ನೇ ಬೈದುಕೊಂಡು ಮೆಟ್ಟಿಲಿಳಿದರು. ನಾನು ತಿರುಗಿಯೂ ನೋಡಲಿಲ್ಲ. ದಿನಾ ಹೋಗುವವರನ್ನು ಯಾರು ನಿಂತು ನೋಡುತ್ತಾರೆ? ಮಧ್ಯಾಹ್ನ ಸುದ್ದಿ ಬಂತು.

ಅವರ ಅಂಗಡಿ ಅಂದರೆ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ಗಾಜಿನ ಮೇಜು, ಎರಡು ಸ್ಟೂಲು, ಬಗ್ಗುವ ಕತ್ತಿನ ಒಂದು ದೀಪ, ಚಿನ್ನದಂಗಡಿಯಲ್ಲಿರುವಂಥ ಪುಟ್ಟ ತಕ್ಕಡಿ. ಮೇಲೆ ಜನ ಹತ್ತಿ ಇಳಿದರೆ ಗಾಜು ಗಡಗಡ ಅನ್ನುತ್ತಿತ್ತು. ಅಲ್ಲಿ ಕೂತು ಹಳೆಯ ನಾಣ್ಯ ಕೊಳ್ಳುತ್ತಿದ್ದರು, ಮಾರುತ್ತಿದ್ದರು. ಆ ದಿನ ಯಾರೋ ಒಬ್ಬ ನಾಣ್ಯ ತೋರಿಸುತ್ತಿದ್ದನಂತೆ. ಟೀ ತಂದುಕೊಡುವವನು ಪಕ್ಕದಲ್ಲೇ ನಿಂತಿದ್ದ.

"'ಅಲ್ಲ' ಅಂದ್ರು ಅಕ್ಕ. ಆಮೇಲೆ ಗಾಜಿನ ಮೇಲೆ ತಲೆ ಇಟ್ರು. ನಿದ್ದೆ ಬಂತೇನೋ ಅಂದ್ಕೊಂಡೆ."

ನಾನು ನಂಬಿದೆ. ಅವರ ಕೊನೆಯ ಮಾತು ಬೇರೆ ಯಾವುದಾಗಲು ಸಾಧ್ಯ? ಆ ಸಾಲಿನ ಅಂಗಡಿಗಳವರೆಲ್ಲ ಅವರನ್ನು ಕರೆಯುತ್ತಿದ್ದದ್ದೇ ಅಲ್ಲಪ್ಪ ಎಂದು. ಯಾರು ಏನು ತಂದರೂ ಅಲ್ಲಪ್ಪಾ, ಅಲ್ಲ ಎನ್ನುತ್ತಿದ್ದರು, ಅದಕ್ಕೆ.

ಜನ ತರುತ್ತಿದ್ದದ್ದು ತಪ್ಪು ನಾಣ್ಯಗಳನ್ನು. ಟಂಕಸಾಲೆಯಲ್ಲಿ ಲೋಹದ ಬಿಲ್ಲೆಗೆ ಅಚ್ಚು ಒತ್ತುವಾಗ ಎಲ್ಲೋ ಒಮ್ಮೆ ತಪ್ಪಾಗುತ್ತದೆ. ಅಚ್ಚು ಪಕ್ಕಕ್ಕೆ ಸರಿಯುತ್ತದೆ, ಬಿಲ್ಲೆ ಅರ್ಧ ತುಂಡಾಗಿರುತ್ತದೆ. ಅಂಥದ್ದು ಕೈತಪ್ಪಿ ಹೊರಗೆ ಬಂದರೆ ಸಂಗ್ರಹ ಮಾಡುವವರು ಮುಗಿಬೀಳುತ್ತಾರೆ. ಆದರೆ ಹೊರಗೆ ಬಂದ ಮೇಲೆ ರಸ್ತೆಯಲ್ಲಿ ಗಾಡಿ ಹತ್ತಿ ಚಪ್ಪಟೆಯಾದದ್ದು, ಬೆಂಕಿಗೆ ಬಿದ್ದದ್ದು, ಸುತ್ತಿಗೆ ಏಟು ತಿಂದದ್ದು ಕಾಸಿಗೂ ಬಾರದ ಮಾಲು. ಬಂದವರಿಗೆಲ್ಲ ತಮ್ಮದು ಮೊದಲನೆಯ ಜಾತಿ. ಫೋನಿನ ವಿಡಿಯೋದಲ್ಲಿ ಯಾರೋ ಒಬ್ಬ ಹಾಗೆ ಹೇಳಿರುತ್ತಾನೆ.

"ಹುಟ್ಟಿನ ಕುಂದು ಬೇರೆ, ಆಮೇಲೆ ಬಿದ್ದ ಪೆಟ್ಟು ಬೇರೆ" ಎನ್ನುತ್ತಿದ್ದರು ಇವರು. ಮನೆಯಲ್ಲಿ ಚಮಚ ಸೊಟ್ಟಗಾಗಿದ್ದರೂ ಇದೇ ಮಾತು.

ಒಮ್ಮೆ ಊಟ ಕೊಡಲು ಹೋಗಿದ್ದೆ. ಬೀಗ ರಿಪೇರಿಯವನೊಬ್ಬ ಕೂತಿದ್ದ. ಅವನ ನಾಣ್ಯದ ಒಂದು ಪಕ್ಕ ಇಲಿ ಕಚ್ಚಿದ ಹಾಗೆ ಇಲ್ಲವಾಗಿತ್ತು.

"ಟಂಕಸಾಲೆಯಲ್ಲೇ ಹೀಗೆ ಬಂದಿದ್ದು ಸಾರ್."

"ಅಲ್ಲ."

"ಸರಿಯಾಗಿ ನೋಡೇ ಇಲ್ಲ ನೀವು!"

"ಕಚ್ಚಿದ ಜಾಗ ಬಿಡು. ಅದರ ಎದುರಿನ ಅಂಚು ನೋಡು. ಬಿಲ್ಲೆ ಮೊದಲೇ ತುಂಡಾಗಿದ್ದಿದ್ರೆ ಅಂಚು ಎಬ್ಬಿಸೋವಾಗ ಎದುರುಗಡೆ ಒತ್ತಡ ಸಾಕಾಗ್ತಿರಲಿಲ್ಲ. ಅಲ್ಲಿ ಅಂಚು ಮಂಕಾಗಿರ್ತಿತ್ತು. ಇಲ್ಲಿ ನೋಡು, ಮೀಸೆ ತಿರುವಿಕೊಂಡು ನಿಂತಿದೆ. ಇದನ್ನ ಆಮೇಲೆ ಯಾರೋ ಕೊರೆದಿದ್ದಾರೆ."

"ಯಾರು ಕೊರೀತಾರೆ ಸಾರ್?"

"ಕೀಲಿ ಕೊರೆಯೋ ಮೆಷಿನ್ ಯಾರ ಹತ್ರ ಇದೆ?"

ಅವನು ನಕ್ಕುಬಿಟ್ಟ. ನಗದೆ ಬೈದು ಹೋದವರೇ ಹೆಚ್ಚು. ಹೋದವರು ದೂರ ಹೋಗುತ್ತಿರಲಿಲ್ಲ. ಪಕ್ಕದ ಮೇಜು ನನ್ನ ಮೈದುನನದು. ಅಲ್ಲಿ 'ಇರಬಹುದು' ಸಿಗುತ್ತಿತ್ತು. ಅಣ್ಣನ 'ಅಲ್ಲ'ದಿಂದ ತಮ್ಮನ ವ್ಯಾಪಾರ ನಡೆಯಿತು ಎಂದರೆ ಸುಳ್ಳಲ್ಲ. ಕೆಟ್ಟವನಲ್ಲ ಅವನು. ಅಣ್ಣನಿಗೆ ಹುಷಾರಿಲ್ಲದಾಗ ಎರಡೂ ಮೇಜು ನೋಡಿಕೊಂಡವನು. ಎಲ್ಲರಿಗೂ ಬೇಕಾದವನಾಗಿರಬೇಕು ಅನ್ನುವ ಚಪಲ ಅವನಿಗೆ.

ಇನ್ನು ಆ ಜೇಬಿನ ನಾಣ್ಯದ ಮಾತು.

ಮದುವೆಗೆ ಮೊದಲು ನಾನು ದೊಡ್ಡ ಲಾಂಡ್ರಿಯೊಂದರಲ್ಲಿದ್ದೆ. ಹೋಟೆಲುಗಳ ದುಪ್ಪಟಿ, ಆಸ್ಪತ್ರೆಗಳ ಗೌನು, ಎಲ್ಲ ಅಲ್ಲಿಗೇ ಬರುತ್ತಿತ್ತು. ಬಟ್ಟೆ ಒಣಗಿಸುವ ಡ್ರಮ್ಮುಗಳು ಒಂದೊಂದೂ ಒಂದು ಕೋಣೆಯಷ್ಟು. ಬಿಸಿ ಗಾಳಿ, ಹತ್ತಿಯ ಧೂಳು, ಕಿವಿ ಕಿವುಡಾಗುವ ಸದ್ದು. ಒಂದು ದಿನ ಡ್ರಮ್ಮಿನ ಬಾಯಿ ಗುಡಿಸುವಾಗ ಈ ನಾಣ್ಯ ಸಿಕ್ಕಿತು. ಬೇರೆ ನಾಣ್ಯಕ್ಕಿಂತ ಚಿಕ್ಕದು. ಅಂಚು ದಪ್ಪಗೆ ಎದ್ದು ಒಳಕ್ಕೆ ಬಾಗಿ, ಪುಟಾಣಿ ತಟ್ಟೆಯ ಹಾಗೆ ಕಾಣುತ್ತಿತ್ತು. ನಡುವಿನ ಚಿತ್ರ ಮಾತ್ರ ಚೆನ್ನಾಗಿತ್ತು. ಇಸ್ತ್ರಿ ಮೇಜಿನ ಅಕ್ಕ ನೋಡಿ, "ಇಂಥದ್ದಕ್ಕೆ ಭಾರೀ ಬೆಲೆ ಕಣೇ. ಮೆಟ್ಟಿಲ ಕೆಳಗೆ ಒಬ್ಬ ಕೂತಿರ್ತಾನೆ, ಹೋಗಿ ತೋರ್ಸು" ಅಂದಳು.

ಹೋದೆ. ಅವರು ಭೂತಗನ್ನಡಿ ಕಣ್ಣಿಗಿಟ್ಟರು.

"ಅಲ್ಲ."

"ಏನ್ ಅಲ್ಲ? ನಾನಿನ್ನೂ ಏನೂ ಹೇಳೇ ಇಲ್ಲ!"

"ಟಂಕಸಾಲೆ ತಪ್ಪಲ್ಲ. ಎಲ್ಲಿ ಸಿಕ್ತು?"

"ಎಲ್ಲಾದ್ರೂ ಸಿಗಲಿ, ನಿಮಗೇನು?"

"ಬಟ್ಟೆ ಒಣಗಿಸೋ ಡ್ರಮ್ಮಲ್ಲಿ ಸಿಕ್ಕಿರ್ಬೇಕು. ಇದು ನಿಮ್ಮ ಮೆಷಿನ್ ಮಾಡಿದ ಕೆಲಸ."

ನನಗೆ ಮೈಯೆಲ್ಲ ಉರಿಯಿತು. ಎಲ್ಲರೂ ಕೇಳುವ ಹಾಗೆ ಬೈದೆ. ಕಳ್ಳ ಅಂದೆ. ಅವರು ಬೈಸಿಕೊಂಡು ಮುಗಿದ ಮೇಲೆ ಅದೇ ಜಾತಿಯ ಇನ್ನೊಂದು ನಾಣ್ಯ ತೆಗೆದರು. ತಕ್ಕಡಿಯ ಆ ತಟ್ಟೆಗೆ ಅದು, ಈ ತಟ್ಟೆಗೆ ನನ್ನದು. ಮುಳ್ಳು ಹೆಚ್ಚುಕಡಿಮೆ ನಡುವೆಯೇ ನಿಂತಿತು.

"ಗಾತ್ರ ಕಮ್ಮಿ ಆಗಿದೆ, ತೂಕ ಆಗಿಲ್ಲ. ಹಾಗಾದ್ರೆ ಲೋಹ ಎಲ್ಲಿ ಹೋಯ್ತು? ಎಲ್ಲೂ ಹೋಗಿಲ್ಲ, ಅಂಚಿಗೆ ಸುರುಳಿ ಸುತ್ಕೊಂಡಿದೆ. ಇಲ್ಲಿ ನೋಡು, ಅಕ್ಷರದ ತಲೆ ಮೇಲೆ ಅಂಚು ಬಿದ್ಕೊಂಡಿದೆ. ಟಂಕಸಾಲೆಯಲ್ಲಿ ಅಂಚು, ಅಕ್ಷರ ಎರಡಕ್ಕೂ ಒಂದೇ ಏಟು. ಒಂದರ ಮೇಲೊಂದು ಮಲಗಲ್ಲ. ಇದು ಡ್ರಮ್ಮಿನ ಸಂದಿಯಲ್ಲಿ ಉರುಳಿ ಉರುಳಿ ಆಗಿದ್ದು."

ತಟ್ಟೆಯಿಂದ ನನ್ನ ನಾಣ್ಯ ಎತ್ತಿಕೊಂಡೆ. ಆಮೇಲೆ ಅವರೇ ಕೇಳಿದರು. "ಇದನ್ನ ನನಗೆ ಕೊಡ್ತೀಯಾ?"

"ಬೆಲೆ ಇಲ್ಲ ಅಂದ್ರಲ್ಲ, ನಿಮಗ್ಯಾಕೆ?"

"ಟೀ ಕುಡಿಸ್ತೀನಿ."

ಟೀ ಕುಡಿದೆ, ಕೊಟ್ಟೆ. ಆಮೇಲೆ ಲಾಂಡ್ರಿಯ ಗೇಟಿಗೆ ಅಂಗಿ ತರತೊಡಗಿದರು. ಒಗೆದು ಇಸ್ತ್ರಿ ಮಾಡಿದ ಅಂಗಿಯನ್ನೇ ಮತ್ತೆ ಒಗೆಯಲು ತರುತ್ತಿದ್ದರು. "ನಿಮ್ಮಲ್ಲಿ ಚೆನ್ನಾಗಿ ಆಗುತ್ತೆ" ಅನ್ನುವುದು ಬೇರೆ. ಅಲ್ಲಿಯವರೆಲ್ಲ ನಗುತ್ತಿದ್ದರು.

ಹೀಗೆ ಅದು ಅವರ ಜೇಬಿಗೆ ಸೇರಿದ್ದು. ಯಾಕೆ ಇಟ್ಟುಕೊಂಡಿದ್ದೀರಿ ಎಂದರೆ "ಭಾರ ಇಲ್ಲ, ಇರಲಿ" ಅನ್ನುತ್ತಿದ್ದರು. ಅದಕ್ಕಿಂತ ಜಾಸ್ತಿ ಯಾವತ್ತೂ ಹೇಳಲಿಲ್ಲ. ಬೇರೆಯವರು ಕೇಳಿದರೆ ಅಷ್ಟೂ ಇಲ್ಲ, ಜೇಬಿನ ಮೇಲೆ ಕೈಯಿಟ್ಟು ಸುಮ್ಮನಿರುತ್ತಿದ್ದರು. ಅಲ್ಲೇ ಆಯಿತು ಎಡವಟ್ಟು. ಎಲ್ಲದಕ್ಕೂ ಅಲ್ಲ ಅನ್ನುವ ಮನುಷ್ಯ ಒಂದನ್ನು ಎದೆಯ ಮೇಲಿಟ್ಟುಕೊಂಡು ಓಡಾಡುತ್ತಾನೆ ಎಂದರೆ ಅದು ಎಂಥ ಹೌದು ಇರಬೇಡ! ಸಾಲಿನವರೆಲ್ಲ ಹಾಗೇ ತಿಳಿದರು. ಮಾತು ಊರೆಲ್ಲ ಹಬ್ಬಿತು. ಅಲ್ಲಪ್ಪನ ಜೇಬಿನ ಮಾಲಿಗೆ ಜೋಡಿಯೇ ಇಲ್ಲವಂತೆ ಎಂದು.

ಅವರು ಹೋದ ಮೇಲೆ ಮೈದುನ ಮನೆಗೆ ಬಂದ.

"ಅತ್ತಿಗೆ, ನಮ್ಮ ನಾಣ್ಯ ಸಂಗ್ರಹದವರ ಸಂಘದಿಂದ ಪ್ರದರ್ಶನ ಇಟ್ಟಿದ್ದಾರೆ. ಅಣ್ಣನ ನೆನಪಿಗೆ ಒಂದು ಗಾಜಿನ ಪೆಟ್ಟಿಗೆ ಬೇರೆ ಇಡ್ತಾರಂತೆ. ಆ ನಾಣ್ಯ ಕೊಡಿ."

ನೆನಪಿಗೆ ಎಂದನಲ್ಲ, ಕೊಟ್ಟೆ. ಪ್ರದರ್ಶನ ಶುರುವಾಗುವ ಹಿಂದಿನ ದಿನ, ಹೇಗಿಟ್ಟಿದ್ದಾರೆ ನೋಡೋಣ ಎಂದು ಹೋದೆ. ದೊಡ್ಡ ಹಾಲು, ಫಿನಾಯಿಲ್ ವಾಸನೆ, ಏಣಿ ಹತ್ತಿ ಯಾರೋ ಬಲ್ಬು ಹಾಕುತ್ತಿದ್ದ. ನಡುವೆ ಇವರ ಪೆಟ್ಟಿಗೆ. ಕೆಂಪು ಮಕಮಲ್ಲಿನ ಮೇಲೆ ನಾಣ್ಯ. ಮುಂದೆ ಒಂದು ಕಾರ್ಡು. ನನ್ನ ಓದು ಅಷ್ಟಕ್ಕಷ್ಟೇ, ಆದರೂ ದಪ್ಪ ಅಕ್ಷರ ಓದಿಕೊಂಡೆ. 'ಟಂಕಸಾಲೆಯ ಅತ್ಯಪರೂಪದ ತಪ್ಪು. ಅಲ್ಲಪ್ಪನವರು ಖಚಿತಪಡಿಸಿದ್ದು.'

"ಏನಪ್ಪಾ ಇದು?" ಅಂದೆ ಮೈದುನನಿಗೆ.

"ಯಾಕತ್ತಿಗೆ, ಚೆನ್ನಾಗಿಲ್ವಾ?"

"ನಿಮ್ಮಣ್ಣ ಇದಕ್ಕೆ ಅಲ್ಲ ಅಂದಿದ್ರು. ನನ್ನ ಮುಂದೆ. ಇದು ಲಾಂಡ್ರಿದು."

ಅಷ್ಟರಲ್ಲಿ ಗ್ಲೌಸ್ ಸಾಹೇಬರು ಬಂದರು. ಆ ಸಂಘಕ್ಕೆ ದೊಡ್ಡವರು. ಬಿಳಿ ಗ್ಲೌಸ್ ಹಾಕದೆ ಯಾವ ನಾಣ್ಯವನ್ನೂ ಮುಟ್ಟುವುದಿಲ್ಲ, ಅದಕ್ಕೇ ಆ ಹೆಸರು. ಪ್ರದರ್ಶನ ಮುಗಿದ ಮೇಲೆ ಇದನ್ನು ಅವರೇ ಕೊಳ್ಳುವುದೆಂದು ಮೈದುನನ ಹತ್ತಿರ ಮಾತಾಗಿತ್ತಂತೆ. ದುಡ್ಡು ನನಗೇ ಬರುವುದು. ದುಡ್ಡು ಬೇಡ ಅನ್ನುವಷ್ಟು ದೊಡ್ಡವಳೇನೂ ಅಲ್ಲ ನಾನು.

ಸಾಹೇಬರು ನನ್ನ ಮಾತನ್ನೆಲ್ಲ ಕೇಳಿದರು. ತಕ್ಕಡಿಯ ವಿಷಯವನ್ನೂ ಹೇಳಿದೆ.

"ಬಿಲ್ಲೆ ಚಿಕ್ಕದಾಗಿ ದಪ್ಪ ಇದ್ರೂ ತೂಕ ಸರಿಹೋಗುತ್ತಮ್ಮ" ಅಂದರು. ಆಮೇಲೆ ದನಿ ತಗ್ಗಿಸಿದರು. "ಬೇಜಾರು ಮಾಡ್ಕೋಬೇಡಿ. ಒಳ್ಳೇ ಮಾಲು ಕಂಡ್ರೆ 'ಅಲ್ಲ' ಅನ್ನೋದು ನಮ್ಮ ಕಸುಬಿನ ಮೊದಲ ಪಾಠ. ನಾನೂ ಅಂದಿದ್ದೀನಿ. ಅವರು ನಿಮಗೆ ಅಲ್ಲ ಅಂದ್ರು, ಒಂದು ಟೀಗೆ ತಗೊಂಡ್ರು, ಸಾಯೋವರೆಗೂ ಜೇಬಲ್ಲಿಟ್ಕೊಂಡ್ರು. ಪೆಟ್ಟು ತಿಂದ ನಾಣ್ಯಾನ ಯಾರಮ್ಮ ಹಾಗೆ ಇಟ್ಕೋತಾರೆ?"

ಮೈದುನನ ಮುಖ ನೋಡಿದೆ. ಅವನು ಏಣಿ ನೋಡುತ್ತಿದ್ದ.

ಹೊರಗೆ ಬಂದು ಪಾವಟಿಗೆಯ ಮೇಲೆ ಕೂತೆ. ಅವರು ಸತ್ತ ದಿನ ಅತ್ತಿದ್ದೆ. ಈಗ ಅಳು ಬರಲಿಲ್ಲ, ಸಿಟ್ಟು ಬಂತು. ಮೊದಲು ಸಾಹೇಬರ ಮೇಲೆ. ಆಮೇಲೆ ನನ್ನವರ ಮೇಲೆ. ಹೌದೇನ್ರೀ? ನಮ್ಮ ಮೊದಲನೇ ಮಾತೇ ಸುಳ್ಳಾ? ನನ್ನ ಹತ್ತಿರ ಮೊದಲು ಅಂದ ಪದವೇ ವ್ಯಾಪಾರವಾ? ಕೇಳಿದರೆ ಹೇಳಲು ಅವರಿಲ್ಲ. ಆಮೇಲೆ ನನ್ನ ಮೇಲೆಯೇ ಸಿಟ್ಟು ಬಂತು, ಗ್ಲೌಸ್ ಹಾಕಿದವನೊಬ್ಬ ಅಂದ ತಕ್ಷಣ ಅಲುಗಾಡಿದೆನಲ್ಲ ಎಂದು. ಎದ್ದು ನೇರ ಲಾಂಡ್ರಿಗೆ ಹೋದೆ.

ಇಸ್ತ್ರಿಯಕ್ಕ ಈಗ ಅಲ್ಲಿ ಮೇಲ್ವಿಚಾರಕಿ. ಕೂದಲು ನರೆತಿದೆ, ಬಾಯಿ ಮಾತ್ರ ಹಾಗೇ ಇದೆ.

"ಏನೇ, ಗಂಡ ಹೋದ ಅಂತ ಕೆಲಸ ಕೇಳೋಕೆ ಬಂದ್ಯಾ?"

"ಡ್ರಮ್ಮು ಬಿಚ್ಚಿಸೋಕೆ ಬಂದೆ."

ವಿಷಯ ಹೇಳಿದೆ. ಅವಳು ಮೆಕ್ಯಾನಿಕ್ಕನ್ನು ಕರೆದಳು. ಅವನು ಗೊಣಗಿದ.

"ಮೆಷಿನ್ ನಿಂತ್ರೆ ಮ್ಯಾನೇಜರ್ ನನ್ನ ತಲೆ ತಿಂತಾನೆ."

"ನಿನ್ನ ತಲೇಲಿ ತಿನ್ನೋಕೆ ಏನಿದೆ? ಬಿಚ್ಚೋ. ಹೇಗೂ ಧೂಳು ತೆಗೀಬೇಕಿತ್ತು."

ಹಿಂದಿನ ತಗಡು ಬಿಚ್ಚಿದ. ಡ್ರಮ್ಮಿಗೂ ಮೆಷಿನ್ನಿನ ಒಳಗೋಡೆಗೂ ನಡುವೆ ಬೆರಳು ಹೋಗದಷ್ಟು ಸಂದಿ. ತಂತಿ ಹಾಕಿ ಕೆರೆದ. ಧೂಳಿನ ಮುದ್ದೆ ಬಂತು, ಹೇರ್‌ಪಿನ್ನು ಬಂತು, ಗುಂಡಿಗಳು ಬಂದವು. ಆಮೇಲೆ ಟಣ್ ಎಂದು ಒಂದು ನಾಣ್ಯ ಬಿತ್ತು. ಅದರ ಹಿಂದೆ ಇನ್ನಷ್ಟು.

ಒರೆಸಿ ಇಸ್ತ್ರಿ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಒಂದರ ಅಂಚು ಈಗಷ್ಟೇ ಏಳತೊಡಗಿತ್ತು. ಒಂದರದು ಅರ್ಧ ಬಾಗಿತ್ತು. ಒಂದು ಮಾತ್ರ ಪೂರ್ತಿ, ಗಾಜಿನ ಪೆಟ್ಟಿಗೆಯಲ್ಲಿ ಮಕಮಲ್ಲಿನ ಮೇಲೆ ಕೂತದ್ದರ ಒಡಹುಟ್ಟಿನ ಹಾಗೆ. ಬೇರೆ ಬೇರೆ ಬೆಲೆಯ ನಾಣ್ಯಗಳು, ಬೇರೆ ಬೇರೆ ವರ್ಷದವು. ಒಂದಂತೂ ಮೊನ್ನೆ ಮೊನ್ನೆ ಬಂದ ಹೊಸ ನಾಣ್ಯ, ನಾನು ಕೊಟ್ಟ ನಾಣ್ಯ ಅವರ ಜೇಬು ಸೇರಿದಾಗ ಅದು ಹುಟ್ಟಿಯೇ ಇರಲಿಲ್ಲ. ಬಾಗಿದವುಗಳಲ್ಲೆಲ್ಲ ಅಂಚು ಅಕ್ಷರದ ತಲೆ ಮೇಲೆ ಬಿದ್ದುಕೊಂಡಿತ್ತು. ಅವರು ಅಂದ ಹಾಗೆಯೇ.

"ಸುಳ್ಳು ಹೇಳಿರಲಿಲ್ಲ ಕಣಕ್ಕಾ" ಅಂದೆ.

"ಆ ಮನುಷ್ಯನಿಗೆ ಸುಳ್ಳು ಹೇಳೋಕೆ ಬರ್ತಿತ್ತಾ? ಒಗೆದ ಅಂಗಿ ತಂದು ಕೊಳೆ ಅಂತಿದ್ದ. ಅದೊಂದೇ, ಅದೂ ಎಲ್ಲರಿಗೂ ಗೊತ್ತಾಗ್ತಿತ್ತು."

ಆಗ ಅಳು ಬಂತು. ಇಸ್ತ್ರಿಯಕ್ಕ ಆಸ್ಪತ್ರೆಯ ದುಪ್ಪಟಿಯನ್ನೇ ಎಳೆದು ಕೊಟ್ಟಳು, "ಒರಸ್ಕೋ, ಹೇಗೂ ಒಗೀಬೇಕು" ಎಂದು.

ಮರುದಿನ ಬಾಗಿಲು ತೆರೆಯುವ ಮೊದಲೇ ಹಾಲಿನಲ್ಲಿದ್ದೆ. ಕರವಸ್ತ್ರದ ಗಂಟು ಬಿಚ್ಚಿ ಪೆಟ್ಟಿಗೆಯ ಗಾಜಿನ ಮೇಲೆ ಅವನ್ನು ಸಾಲಾಗಿ ಇಟ್ಟೆ. ಗ್ಲೌಸ್ ಸಾಹೇಬರು ಬಗ್ಗಿ ನೋಡಿದರು. ಗ್ಲೌಸ್ ಹಾಕಿಕೊಳ್ಳಲಿಲ್ಲ, ಬರಿಗೈಯಲ್ಲೇ ಒಂದನ್ನು ಎತ್ತಿದರು.

"ಟಂಕಸಾಲೆ ಎಲ್ಲ ವರ್ಷವೂ, ಎಲ್ಲ ಬೆಲೆಗೂ, ಒಂದೇ ತಪ್ಪು ಮಾಡಿ, ಅವನ್ನೆಲ್ಲ ಒಂದೇ ಲಾಂಡ್ರಿಗೆ ಕಳಿಸ್ತಾ ಸಾಹೇಬ್ರೇ?" ಅಂದೆ.

ಅವರು ಎತ್ತಿದ್ದನ್ನು ಇಟ್ಟರು. ನಾಚಿಕೆಯೇನೂ ಕಾಣಲಿಲ್ಲ ಮುಖದಲ್ಲಿ. "ಇರಬಹುದಮ್ಮ. ಆದ್ರೆ ಕಾರ್ಡು ಪ್ರಿಂಟ್ ಆಗಿದೆ. ಜನ ಬರೋ ಹೊತ್ತು. ಇದನ್ನೇ ನೋಡೋಕೆ ಬರ್ತಿದ್ದಾರೆ. ನೀವು ಏನೂ ಹೇಳ್ಬೇಕಿಲ್ಲ, ಸುಮ್ನಿದ್ರೆ ಸಾಕು. ನನ್ನ ಮಾತು ಮಾತೇ, ಕೊಂಡ್ಕೋತೀನಿ."

ಸುಮ್ಮನಿರುವುದು. ಅದೊಂದನ್ನು ಎಲ್ಲರೂ ನನ್ನಿಂದ ಕೇಳುತ್ತಾರೆ.

ಮೈದುನ ನನ್ನನ್ನು ಪಕ್ಕಕ್ಕೆ ಕರೆದ. "ಅತ್ತಿಗೆ, ಬದುಕಿರೋವಾಗ ಅಣ್ಣನ್ನ ಎಲ್ಲರೂ ಬೈದ್ರು. ಈಗ ನಾಲ್ಕು ಜನ ಹೊಗಳ್ತಿದ್ದಾರೆ. ಅದಕ್ಕೂ ಕಲ್ಲು ಹಾಕ್ತೀರಾ?"

ಅವನ ಕಣ್ಣು ಕೆಂಪಾಗಿತ್ತು. ಅವನಿಗೂ ಅಣ್ಣನೇ ಅಲ್ಲವೆ? ಆದರೂ ಬಿಡಲಿಲ್ಲ.

"ಅವರು ಅಲ್ಲ ಅಂದಿದ್ದಕ್ಕೆ ಅವರ ಬಾಯಿಂದ್ಲೇ ಹೌದು ಅನ್ನಿಸ್ತಿದ್ದೀಯಲ್ಲೋ. ಅದೂ ಸತ್ತ ಮೇಲೆ. ಬೈದವರು ಅವರನ್ನ ಅಷ್ಟಾದ್ರೂ ನಂಬಿದ್ರು. ಹೀಗೆ ಹೊಗಳಿಸಿದ್ರೆ ಅವರಲ್ಲಿ ಏನು ಉಳೀತು? ಬೀಗದ ಕೈ ಕೊಡು."

"ಕೊಡದಿದ್ರೆ?"

"ಬಾಗಿಲಲ್ಲಿ ನಿಂತ್ಕೋತೀನಿ. ಬರೋ ಒಬ್ಬೊಬ್ಬರಿಗೂ ಹೇಳ್ತೀನಿ. ನನ್ನ ಗಂಟಲು ನಿನಗೆ ಗೊತ್ತು."

ಅವನು ಬೀಗದ ಕೈಯನ್ನು ಗಾಜಿನ ಮೇಲಿಟ್ಟು ಬೆನ್ನು ತಿರುಗಿಸಿದ. ನಾನು ತೆರೆದು ಅವರ ನಾಣ್ಯ ತೆಗೆದುಕೊಂಡೆ. ಆ ಜಾಗದಲ್ಲಿ ಡ್ರಮ್ಮಿನವನ್ನು ಇಟ್ಟೆ, ಶುರುವಾದದ್ದರಿಂದ ಮುಗಿದದ್ದರವರೆಗೆ. ಕಾರ್ಡನ್ನು ತಿರುಗಿಸಿ ಹಿಂದಿನ ಬಿಳಿ ಬದಿಯಲ್ಲಿ ನನ್ನ ಕಾಗೆ ಕಾಲಿನ ಅಕ್ಷರದಲ್ಲಿ ಬರೆದೆ. 'ಟಂಕಸಾಲೆಯ ತಪ್ಪಲ್ಲ. ಲಾಂಡ್ರಿ ಮೆಷಿನ್ನಿನದು. ಅಲ್ಲಪ್ಪ ಹೇಳಿದ್ದು.'

ಗ್ಲೌಸ್ ಸಾಹೇಬರು ಆ ಪೆಟ್ಟಿಗೆಯನ್ನು ಮೂಲೆಗೆ ತಳ್ಳಿಸಿದರು. ಜನ ಮೂಲೆಗೇ ಹೋಗಿ ನೋಡಿದರು. ಕೆಲವರು ನಕ್ಕರು, ಕೆಲವರು ಮನೆಯಲ್ಲಿ ಇಂಥದ್ದೇ ಇದೆಯಲ್ಲ ಎಂದು ಮುಖ ಸಣ್ಣಗೆ ಮಾಡಿಕೊಂಡು ಹೋದರು. ಬೀಗ ರಿಪೇರಿಯವನು ಬಂದು ಕಾರ್ಡು ಓದಿ, "ಸತ್ತ ಮೇಲೂ ಅಲ್ಲ ಅಂತಿದ್ದಾನಲ್ಲಪ್ಪ ಪುಣ್ಯಾತ್ಮ" ಎಂದು ದೊಡ್ಡದಾಗಿ ಹೇಳಿದ. ಅವರಿಗೆ ಸಿಕ್ಕ ಒಂದೇ ಹೊಗಳಿಕೆ ಅದು. ಸಾಕು.

ಮೈದುನ ಮಾತು ಬಿಟ್ಟಿದ್ದಾನೆ. ಈಗ ದಿನಾ ಪಕ್ಕಪಕ್ಕದಲ್ಲೇ ಕೂರುತ್ತೇವೆ, ಯಾಕೆಂದರೆ ಮೆಟ್ಟಿಲ ಕೆಳಗಿನ ಮೇಜನ್ನು ನಾನು ಬಿಟ್ಟುಕೊಟ್ಟಿಲ್ಲ. ನನಗೆ ಎಲ್ಲ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನುತ್ತೇನೆ. ಗೊತ್ತಿರುವುದಕ್ಕೆ ಅಲ್ಲ ಅನ್ನುತ್ತೇನೆ. ನಿನ್ನೆ ಒಬ್ಬ ನಾಣ್ಯ ಕಸಿದುಕೊಂಡು, "ಗಂಡನಿಗಿಂತ ಜೋರಾಗಿದ್ದೀಯ" ಎಂದು ಪಕ್ಕದ ಮೇಜಿಗೆ ಹೋದ. ಮೈದುನ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ. ನನ್ನ ಕಡೆ ಒಮ್ಮೆ ಕಣ್ಣು ಹಾಯಿಸಿದ. 'ಇರಬಹುದು' ಅನ್ನಲಿಲ್ಲ. "ಅಲ್ಲ ಅನ್ಸುತ್ತೆ" ಅಂದ.

ಅಂಗಡಿಗೆ ಅವರ ಅಂಗಿಯನ್ನೇ ತೊಟ್ಟು ಹೋಗುತ್ತೇನೆ, ನನ್ನ ಬಟ್ಟೆಯ ಮೇಲೆ. ನನಗೆ ದೊಗಲೆ. ತೋಳು ಮಡಚಿಕೊಳ್ಳುತ್ತೇನೆ. ನೋಡುವವರು ನೋಡಲಿ.

ಬೆಳಿಗ್ಗೆ ಎದ್ದು ಹಿಂದಿನ ದಿನದ ಅಂಗಿಯನ್ನು ನೆನೆಸುವ ಮೊದಲು ಜೇಬು ಹೊರಳಿಸುತ್ತೇನೆ. ಬಸ್ ಚೀಟಿ ಇರುತ್ತದೆ, ಏನಾದರೊಂದು ಚೂರುಪಾರು ಇರುತ್ತದೆ. ದುಪ್ಪಟಿಯ ತುಂಡಿನ ಗಂಟನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲಿಡುತ್ತೇನೆ. ಮತ್ತೆ ಏಟು ಬೀಳುವುದು ಬೇಡ. ಆಮೇಲೆ ಅಂಗಿಯನ್ನು ನೀರಿಗೆ ಹಾಕುತ್ತೇನೆ.